ಹಳೆಯ ಉಳಿ, ತೋಪಡ ಗುಜರಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಮೈಸೂರಿನ ಗುಜರಿ ಅಂಗಡಿಯೊಂದರಲ್ಲಿ ತೂಕದ ಲೆಕ್ಕದಲ್ಲಿ ಮರ ಹೆರೆದು ನಯಗೊಳಿಸುವ ಒಂದು ತೋಪಡ, ಮೂರು ಉಳಿ ಕೊಂಡೆ. ತುಕ್ಕಿನಡಿ, ಉಕ್ಕಿನ ಉಪಕರಣಗಳಿಗೆ ಹೆಸರಾದ ಇಂಗ್ಲೆಂಡಿನ ಊರು ‘ಶೆಫೀಲ್ಡ್’ನ ಅಚ್ಚು ಇತ್ತು. ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿ, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಒಣಗಿಸಿ ಎಣ್ಣೆ ಸವರಿದೆ. ತೋಪಡದ ಅಲಗಿನ ಬೆನ್ನನ್ನು ಸಾಣೆಕಲ್ಲಿನ ಮೇಲೆ ಸಮತಟ್ಟು ಮಾಡಿ, ಬಾಯಿಯನ್ನು 25 ಡಿಗ್ರಿ ಓರೆಗೆ ಮಸೆಯಲು ಎರಡು ಸಂಜೆ ಹಿಡಿಯಿತು. ಈಗ ತೇಗದ ಹಲಗೆಯ ಮೇಲೆ ಓಡಿಸಿದರೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಸುರುಳಿ ಏಳುತ್ತದೆ!

ಒಂದು ಉಳಿ ಮಾತ್ರ ಕೆಟ್ಟಿತು. ಸಾಣೆಗೆ ಕೊಟ್ಟಿದ್ದೆ, ಸಾಣೆಯವರು ವಿದ್ಯುತ್ ಚಕ್ರಕ್ಕೆ ಒತ್ತಿ ಹಿಡಿದದ್ದರಿಂದ ಅಲಗು ಕಾದು ನೀಲಿಗಟ್ಟಿತು. ಹಾಗೆ ಕಾದ ಉಕ್ಕು ಹದ ಕಳೆದುಕೊಳ್ಳುತ್ತದೆ, ಹರಿತ ನಿಲ್ಲುವುದಿಲ್ಲ. ಆಗಾಗ ನೀರಿನಲ್ಲಿ ಅದ್ದಿದ್ದರೆ ಸಾಕಿತ್ತು.

ಬೀಟೆ ಮರವನ್ನು ಕೆತ್ತಿ ಅದರಲ್ಲಿ ಬೇರೆ ಚೂರುಗಳನ್ನು ಕೂರಿಸುವ ಕುಸುರಿಗೆ ಹೆಸರಾದ ಊರು ನಮ್ಮದು. ಇಲ್ಲಿ ಅಜ್ಜಂದಿರ ಉಪಕರಣಗಳು ಕಿಲೋ ಲೆಕ್ಕದಲ್ಲಿ ಕುಲುಮೆಗೆ ಹೋಗುವುದನ್ನು ಕಂಡರೆ ಸಂಕಟವಾಗುತ್ತದೆ. ನಗರದ ಐಟಿಐಗಳು ಇವನ್ನು ದಾನವಾಗಿ ಪಡೆದು, ಭಾನುವಾರಗಳಂದು ಆಸಕ್ತರಿಗೆ ಮರಗೆಲಸದ ಕೊಠಡಿ ತೆರೆಯಲಿ. ಮಸೆಯುವುದನ್ನು ಕಲಿಸಲು ನಾನು ಬರುತ್ತೇನೆ.

– ನಿವೃತ್ತ ಬ್ಯಾಂಕ್ ನೌಕರ, ಸರಸ್ವತಿಪುರಂ, ಮೈಸೂರು