ಸಾರಿಗೆ ಸಚಿವರಿಗೊಂದು ಪತ್ರ: ಡ್ರೈವರ್ ತರಬೇತಿಯನ್ನು ಲಾರಿ ನಿಂತಲ್ಲಿಗೆ ತನ್ನಿ

ಮಾನ್ಯ ಸಾರಿಗೆ ಸಚಿವರೇ,

ನಮಸ್ಕಾರ. ಹಲವು ವರ್ಷ ಟ್ಯಾಂಕರ್ ಓಡಿಸಿ, ಈಗ ದಾವಣಗೆರೆಯ ಒಂದು ಲಾರಿ ಬುಕಿಂಗ್ ಆಫೀಸಿನಲ್ಲಿ ಕೂತಿರುವವನು ನಾನು. ಡ್ರೈವರ್‌ಗಳಿಗೆ ಕಡ್ಡಾಯ ಮಾಡಿರುವ ಸುರಕ್ಷತಾ ತರಬೇತಿಯ ಬಗ್ಗೆ ನಿಮ್ಮ ಹತ್ತಿರ ಎರಡು ಮಾತು ಹೇಳಬೇಕಿದೆ. ತರಬೇತಿ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ನಾನು ನೋಡಿದ ರೀತಿಯಲ್ಲೇ ನಡೆದರೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಪೆಟ್ರೋಲ್, ಗ್ಯಾಸ್, ಆಸಿಡ್ ಸಾಗಿಸುವ ಡ್ರೈವರ್‌ಗೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೇ ನಿಯಮದಡಿ 3 ದಿನದ ತರಬೇತಿ ಕಡ್ಡಾಯ. ಅದರ ಪಠ್ಯ ಓದಿದರೆ ಬೇಜಾರಾಗುವುದಿಲ್ಲ. ಎಚ್ಚರದ ಚಾಲನೆ ಇದೆ, ಗಾಡಿಯ ತಪಾಸಣೆ ಇದೆ, ಸೋರಿಕೆಯಾದರೆ ಏನು ಮಾಡಬೇಕು ಎಂಬುದಿದೆ, ಪ್ರಥಮ ಚಿಕಿತ್ಸೆಯೂ ಇದೆ. ಬರೆದವರು ತಲೆ ಓಡಿಸಿಯೇ ಬರೆದಿದ್ದಾರೆ. ನಾನು ಕೂತ ಕ್ಲಾಸುಗಳಲ್ಲಿ ಮಾತ್ರ ಅದು ಪ್ಲಾಸ್ಟಿಕ್ ಕುರ್ಚಿ, ಗೋಡೆ ಮೇಲೆ ಸ್ಲೈಡು, ಮಧ್ಯೆ ಚಹಾ, ಕೊನೆಗೆ ಸಹಿ ಇಷ್ಟಕ್ಕೇ ಮುಗಿಯುತ್ತಿತ್ತು. ಅರ್ಧ ಆಯುಷ್ಯ ಸ್ಟೇರಿಂಗ್ ಹಿಡಿದವರಿಗೆ ‘ನೋ ಎಂಟ್ರಿ’ ಬೋರ್ಡ್ ಹೇಗಿರುತ್ತದೆ ಎಂದು ತೋರಿಸುತ್ತಿದ್ದರು. ಟ್ಯಾಂಕರ್ ಹತ್ತಿರ ಕರೆದುಕೊಂಡು ಹೋಗಿ ವಾಲ್ವ್ ಮುಟ್ಟಿಸಿದವರು ಒಬ್ಬರೂ ಇಲ್ಲ.

ಸ್ಲೈಡಿನಲ್ಲಿ ಇನ್ನೊಂದು ತೊಂದರೆ ಇದೆ. ಸರಕು ವಾಹನದ ಡ್ರೈವರ್ 8ನೇ ತರಗತಿ ಓದಿರಲೇಬೇಕು ಎಂಬ ನಿಯಮವನ್ನು ಕೇಂದ್ರ 2019ರಲ್ಲಿ ತೆಗೆಯಿತು. ಒಳ್ಳೆಯದೇ ಆಯಿತು, ಓದು ಬರದವರು ಗಾಡಿ ಓಡಿಸಬಾರದೆಂದೇನಿಲ್ಲ. ಆದರೆ ಓದಲು ಬಾರದವನನ್ನು ಕೂರಿಸಿ ಇಂಗ್ಲಿಷ್ ಸ್ಲೈಡು ತೋರಿಸಿದರೆ ಅವನು ಏನು ಮಾಡಬೇಕು? ನಿದ್ದೆ ಮಾಡುತ್ತಾನೆ. ರಾತ್ರಿಯೆಲ್ಲಾ ಗಾಡಿ ಓಡಿಸಿ ಬಂದಿರುತ್ತಾನೆ ಬೇರೆ.

ಹಾಗಾದರೆ ಏನು ಕಲಿಸಬೇಕು? ಮೊದಲು ಬ್ರೇಕ್. ಡೀಸೆಲ್ ಉಳಿಯುತ್ತದೆ ಎಂದು ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುವ ಚಾಳಿ ನಮ್ಮಲ್ಲಿ ಬಹಳ ಹಳೆಯದು. ಕೆಲವರು ಇಂಜಿನ್ನನ್ನೇ ಬಂದ್ ಮಾಡುತ್ತಾರೆ. ಇಂಜಿನ್ ನಿಂತರೆ ಬ್ರೇಕಿನ ಟ್ಯಾಂಕಿಗೆ ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ. ಆಮೇಲೆ ಪೆಡಲ್ ಒತ್ತಿದಷ್ಟೂ ಟ್ಯಾಂಕಿನ ಗಾಳಿ ಇಳಿಯುತ್ತಾ ಹೋಗುತ್ತದೆ, ಮತ್ತೆ ತುಂಬುವುದಿಲ್ಲ. ಇಂಜಿನ್ ಆನ್ ಇದ್ದು ಬರೀ ನ್ಯೂಟ್ರಲ್‌ನಲ್ಲಿದ್ದರೂ ಗೇರಿನ ಹಿಡಿತ ಸಿಗುವುದಿಲ್ಲ, ಇಂಜಿನ್ನಿನ ಹೊಗೆ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಕೆಲಸಕ್ಕೆ ಬರುವುದಿಲ್ಲ. ಇಡೀ ಲೋಡಿನ ಭಾರ ಚಕ್ರದ ಬ್ರೇಕ್ ಲೈನರ್‌ಗಳ ಮೇಲೆ ಬೀಳುತ್ತದೆ. ಅವು ಕಾದಷ್ಟೂ ಹಿಡಿತ ಬಿಡುತ್ತವೆ. ಶಿರಾಡಿ, ಅರಬೈಲ್ ಘಾಟಿಗಳಲ್ಲಿ ಇಳಿದವರಿಗೆ ಆ ಸುಟ್ಟ ವಾಸನೆ ಗೊತ್ತು. ಆದರೆ ಅದು ಯಾಕೆ ಬರುತ್ತದೆ ಎಂದು ಬಿಡಿಸಿ ಹೇಳಿದವರು ಕಡಿಮೆ. ನಿಂತ ಲಾರಿಯ ಇಂಜಿನ್ ಬಂದ್ ಮಾಡಿಸಿ, ಗಾಳಿಯ ಮೀಟರ್ ನೋಡಿಕೊಂಡು ಹತ್ತಾರು ಸಲ ಪೆಡಲ್ ಒತ್ತಲು ಹೇಳಿ. ಮುಳ್ಳು ಕೆಳಗಿಳಿಯುವುದನ್ನು ಕಣ್ಣಾರೆ ಕಂಡವನು ಅದನ್ನು ಮರೆಯುವುದಿಲ್ಲ. ಇದಕ್ಕೆ ಖರ್ಚೂ ಇಲ್ಲ.

ಎರಡನೆಯದು, ಅಪಘಾತವಾದ ಮೇಲಿನ ಹೊತ್ತು. 2024ರ ಜನವರಿಯಲ್ಲಿ ಹಿಟ್ ಅಂಡ್ ರನ್ ಕಾನೂನಿನ ವಿರುದ್ಧ ದೇಶದ ಹಲವು ಕಡೆ ಲಾರಿಗಳು ನಿಂತವು. ಆಗ ಡ್ರೈವರ್ ಯಾಕೆ ಓಡಿಹೋಗುತ್ತಾನೆ ಎಂದು ಟಿವಿಯಲ್ಲಿ ಬಹಳ ಜನ ಕೇಳಿದರು. ಯಾಕೆ ಅಂದರೆ ಹೊಡೆಯುತ್ತಾರೆ ಸ್ವಾಮಿ, ಅದಕ್ಕೇ. ಈ ಭಯ ಕಾನೂನಿಗೂ ಗೊತ್ತಿದೆ. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಡ್ರೈವರ್ ಕರ್ತವ್ಯ. ಜನ ರೊಚ್ಚಿಗೆದ್ದು ಅದು ಸಾಧ್ಯವಾಗದಿದ್ದರೆ ಆ ಮಾತಿಗೆ ವಿನಾಯಿತಿಯೂ ಅಲ್ಲೇ ಇದೆ. ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದರೆ ಆದಷ್ಟು ಬೇಗ, ತಡವೆಂದರೂ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ತಿಳಿಸಬೇಕು. ಜೀವ ಉಳಿಸಿಕೊಳ್ಳಲು ಅಲ್ಲಿಂದ ಸರಿದು 112ಕ್ಕೋ 108ಕ್ಕೋ ಫೋನ್ ಮಾಡಿ ಠಾಣೆಗೆ ಹೋಗುವವನು ಬೇರೆ, ಮೊಬೈಲ್ ಸ್ವಿಚ್ ಆಫ್ ಮಾಡಿ ಊರು ಸೇರುವವನು ಬೇರೆ. ಈ ವ್ಯತ್ಯಾಸ ನಮ್ಮ ಹುಡುಗರಿಗೆ ಗೊತ್ತಿಲ್ಲ. ಒಬ್ಬ ಪೊಲೀಸ್ ಅಧಿಕಾರಿ ಬಂದು ಅರ್ಧ ಗಂಟೆ ಮಾತಾಡಿದರೆ ಸಾಕು.

ಟ್ಯಾಂಕರ್ ವಿಷಯ ಬಂತಲ್ಲ, ಅದರ ಹಿಂದೆ ಬರೆದಿರುವ 1075 ಅಂದರೆ ಎಲ್‌ಪಿಜಿ, 1203 ಅಂದರೆ ಪೆಟ್ರೋಲ್. ಇದನ್ನು ಟ್ಯಾಂಕರ್ ಡ್ರೈವರ್‌ಗಷ್ಟೇ ಹೇಳಿಕೊಡುತ್ತಾರೆ. ತನ್ನ ಗಾಡಿಯಲ್ಲಿ ಏನಿದೆ ಎಂದು ಅವನಿಗೆ ಹೇಗೂ ಗೊತ್ತು! ಮಗುಚಿದ ಟ್ಯಾಂಕರ್ ಹಿಂದೆ ಬಂದು ನಿಲ್ಲುವವನು ಮೆಕ್ಕೆಜೋಳದ ಲಾರಿಯವನು. ಬೀಡಿ ಹಚ್ಚಿಕೊಂಡು ಇಳಿದು ನೋಡುವವನೂ ಅವನೇ. ನಿಜವಾಗಿ ಗೊತ್ತಿರಬೇಕಾದದ್ದು ಅವನಿಗೆ.

ಇನ್ನು ನಿದ್ದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ 3 ಸೆಕೆಂಡ್ ಕಣ್ಣು ಮುಚ್ಚಿದರೆ ಲಾರಿ 65 ಮೀಟರ್ ದಾಟಿರುತ್ತದೆ. ಹಿರಿಯೂರಿನಿಂದ ಹರಿಹರದವರೆಗೆ ನಮ್ಮ ಹೆದ್ದಾರಿ 48 ಅಗಲವಾಗಿದೆ, ಹೆಚ್ಚು ತಿರುವುಗಳಿಲ್ಲ. ರಾತ್ರಿ 3 ಗಂಟೆಗೆ ಇಂಥ ರಸ್ತೆಯೇ ಜಾಸ್ತಿ ನಿದ್ದೆ ತರಿಸುತ್ತದೆ. ಆದರೆ ‘ನಿದ್ದೆ ಬಂದರೆ ಗಾಡಿ ನಿಲ್ಲಿಸಿ’ ಎಂದು ಡ್ರೈವರ್‌ಗೆ ಮಾತ್ರ ಹೇಳಿ ಏನು ಪ್ರಯೋಜನ? ಬೆಳಿಗ್ಗೆ 6ಕ್ಕೆ ಪೀಣ್ಯದಲ್ಲಿ ಇರಲೇಬೇಕು ಎಂದು ಫೋನ್ ಮಾಡುವುದು ನಮ್ಮಂಥ ಬುಕಿಂಗ್ ಆಫೀಸಿನವರು, ಮಾಲೀಕರು. ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಗೊಮ್ಮೆ ಅರ್ಧ ಗಂಟೆ ವಿಶ್ರಾಂತಿ ಎಂದು 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು. ನಮ್ಮ ಲೈನಿನಲ್ಲಿ ಆ ಕಾಯ್ದೆಯ ಹೆಸರು ಕೇಳಿದವರನ್ನು ಹುಡುಕಬೇಕು. ಆದ್ದರಿಂದ ಮಾಲೀಕರನ್ನೂ ಬುಕಿಂಗ್‌ನವರನ್ನೂ ಅದೇ ಕ್ಲಾಸಿನಲ್ಲಿ ಡ್ರೈವರ್ ಪಕ್ಕದಲ್ಲಿ ಕೂರಿಸಿ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಎಲ್ಲಿ ಕಲಿಸಬೇಕು ಎಂಬುದೇ ನನ್ನ ಮುಖ್ಯ ಬೇಡಿಕೆ. ಟ್ರಿಪ್ ಲೆಕ್ಕದಲ್ಲಿ ದುಡಿಯುವವನು ಕ್ಲಾಸಿಗೆ ಬಂದ ದಿನ ಬಾಟಾ (ಭತ್ಯೆ) ಕಳೆದುಕೊಳ್ಳುತ್ತಾನೆ. ಅದಕ್ಕೇ ಅವನು ಸುಮ್ನೆ ಸಹಿ ಹಾಕಿ ಓಡಲು ನೋಡುತ್ತಾನೆ, ಕಲಿಸುವವರೂ ಬಿಟ್ಟುಬಿಡುತ್ತಾರೆ. ಅದೇ ಡ್ರೈವರ್ ದಾವಣಗೆರೆ ಎಪಿಎಂಸಿಯಲ್ಲಿ, ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಮುಂದೆ, ಚಿತ್ರದುರ್ಗದ ಅದಿರು ಗಣಿಗಳ ಹತ್ತಿರ ಲೋಡಿಗಾಗಿ ಗಂಟೆಗಟ್ಟಲೆ ಕಾಯುತ್ತಾನೆ. ಆ ಹೊತ್ತಿಗೆ ಕೂಲಿ ಇಲ್ಲ, ಕೆಲಸವೂ ಇಲ್ಲ. ಲಾರಿ ಅಲ್ಲೇ ಇದೆ, ಕ್ಲೀನರ್ ಇದ್ದಾನೆ, ಹಗ್ಗ ತಾಡಪಾಲು ಎಲ್ಲಾ ಇದೆ. ತರಬೇತಿ ಕೊಡುವವರು ಅಲ್ಲಿಗೆ ಬರಲಿ. ಒಮ್ಮೆಗೆ ಎರಡು ಗಂಟೆ ಸಾಕು. ಡಿಎಲ್ ನಂಬರಿನ ಮೇಲೆ ಹಾಜರಿ ಹಾಕಿಕೊಂಡು ಗಂಟೆಗಳನ್ನು ಕೂಡಿಸುತ್ತಾ ಹೋಗಲಿ, ಇವತ್ತು ಚಳ್ಳಕೆರೆಯಲ್ಲಿ ಕಲಿತದ್ದು ನಾಳೆ ಹುಬ್ಬಳ್ಳಿಯಲ್ಲಿ ಮುಂದುವರಿಯಲಿ. ಪರೀಕ್ಷೆ ಬಾಯಲ್ಲಿ, ಕೈಯಲ್ಲಿ ಆಗಲಿ: ಕೆಟ್ಟು ನಿಂತ ಗಾಡಿಗೆ ತ್ರಿಕೋನದ ಬೋರ್ಡ್ ಎಲ್ಲಿಡುತ್ತೀಯಾ, ಇಟ್ಟು ತೋರಿಸು. ಕಲ್ಲು ಕೊಂಬೆ ಇಟ್ಟು ಅದನ್ನೇ ರಸ್ತೆ ಮೇಲೆ ಬಿಟ್ಟು ಹೋಗುವವನು ಫೇಲ್.

ನಿಯಮ ಕೇಂದ್ರದ್ದು, ನಮ್ಮ ಕೈಯಲ್ಲಿ ಏನಿದೆ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. 3 ದಿನದ ಆ ಕೋರ್ಸಿಗೆ ನಾನು ಕೈ ಹಾಕಲು ಹೇಳುತ್ತಿಲ್ಲ. ಅದರ ಜೊತೆಗೆ ಎಲ್ಲಾ ಲಾರಿಯವರಿಗೂ ಇಂಥದ್ದೊಂದು ಶುರು ಮಾಡಲು ಯಾವ ನಿಯಮವೂ ಅಡ್ಡ ಬರುವುದಿಲ್ಲ ಅಲ್ವಾ? ಮೆಕ್ಕೆಜೋಳದ ಸುಗ್ಗಿಗೆ ನಮ್ಮ ಎಪಿಎಂಸಿಯಲ್ಲಿ ಲಾರಿಗಳ ಸಾಲು ನಿಲ್ಲುತ್ತದೆ. ಚಿತ್ರದುರ್ಗ (ಕೆಎ 16), ದಾವಣಗೆರೆ (ಕೆಎ 17) ಎರಡೂ ಕಡೆಯ ಆರ್‌ಟಿಒ ಕಚೇರಿಗಳಿಂದ ಇಬ್ಬರು ಇನ್‌ಸ್ಪೆಕ್ಟರ್‌ಗಳನ್ನು ಅಲ್ಲಿಗೆ ಕಳಿಸಿ ನೋಡಿ. ಡ್ರೈವರ್‌ಗಳನ್ನು ಸೇರಿಸುವ ಕೆಲಸ, ಚಹಾದ ಖರ್ಚು ನಮ್ಮ ಆಫೀಸಿನದು.

ಇಂತಿ ನಮಸ್ಕಾರಗಳು,
ಒಬ್ಬ ಹಳೆಯ ಟ್ಯಾಂಕರ್ ಡ್ರೈವರ್
ದಾವಣಗೆರೆ