ಹಿಮದ ನೀರೋ, ಮ್ಯಾಗ್ಮಾದ ನೀರೋ

ಮಲ್ಪೆ
ಆಟಿ ತಿಂಗಳು

ಚಿ. ವಿದ್ಯಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆಯ ಸುದ್ದಿ ಎಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದು ಬಿಡು. ಐಸ್‌ಲ್ಯಾಂಡಿನ ಹಿಮದಡಿ ಉಕ್ಕಿದ ಮ್ಯಾಗ್ಮಾ, ಅಂದರೆ ನೆಲದೊಳಗಿನ ಕರಗಿದ ಕಲ್ಲು, ಗಕ್ಕನೆ ತಣಿದು ಆದ ಗಾಜಿನಲ್ಲಿ ನೀರೆಷ್ಟು ಅಂತ ಅಳೆಯುತ್ತಿದ್ದಿಯಲ್ಲ, ಆ ಬಗ್ಗೆ ಬರೆದ ನಿನ್ನ ಪತ್ರದ ಕೊನೆಯ ಸಾಲು ಎರಡು ದಿನದಿಂದ ನನ್ನ ತಲೆಯಲ್ಲಿ ಕೂತಿದೆ. ‘ನಾನು ಅಳೆದದ್ದು ಮ್ಯಾಗ್ಮಾದ ನೀರೇ ಅಲ್ಲ, ಬರೀ ಹಿಮ ಕರಗಿದ ನೀರು ಅಂತಾದರೆ ಮೂರು ವರ್ಷ ಹೋಯಿತಲ್ಲ ದೊಡ್ಡಮ್ಮ’ ಅಂತ ಬರೆದಿದ್ದಿ.

ನಿನ್ನ ಹೆದರಿಕೆ ಸುಳ್ಳು ಅಂತ ಹೇಳಲಾರೆ. ನಿನ್ನ ಬಸಾಲ್ಟ್ (ಕಪ್ಪು ಲಾವಾ ಕಲ್ಲು) ಗಾಜಿನಲ್ಲಿ ಶೇಕಡ 2.4 ನೀರು ಅಂದರೆ ಜಾಸ್ತಿಯೇ. ನೀನು ಹೇಳುವ ಹಾಗೆ 600 ಮೀಟರ್ ಹಿಮ ಮೇಲಿದ್ದರೂ ಅದರ ಒತ್ತಡ ಸುಮಾರು 5.4 ಮೆಗಾಪ್ಯಾಸ್ಕಲ್ ಅಷ್ಟೆ. ಆ ಒತ್ತಡದಲ್ಲಿ ಬಸಾಲ್ಟ್ ದ್ರವ ಶೇಕಡ 0.7ರ ಆಸುಪಾಸು ನೀರನ್ನು ಹಿಡಿದುಕೊಳ್ಳುತ್ತದೆ, ಮಿಕ್ಕದ್ದು ಗುಳ್ಳೆಯಾಗಿ ಹೋಗುತ್ತದೆ. 2.4 ಹಿಡಿಯಬೇಕಾದರೆ ಐದಾರು ಕಿಲೋಮೀಟರ್ ಹಿಮ ಬೇಕು. ಐಸ್‌ಲ್ಯಾಂಡಿನಲ್ಲಿ ಹಿಮಯುಗದಲ್ಲೂ ಅಷ್ಟು ಇರಲಿಲ್ಲ. ಹಾಗಾಗಿ ಕಡಿಮೆಯೆಂದರೂ 1.7ರಷ್ಟು ಆಮೇಲೆ ಬಂದದ್ದು. ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಆದರೆ ಆಮೇಲೆ ಬಂದ ನೀರು ಮೊದಲಿದ್ದ ನೀರನ್ನು ಅಳಿಸಿಬಿಡುವುದಿಲ್ಲ ಮಗಾ. ಈ ಮಳೆಗೆ ಡಬ್ಬದಲ್ಲಿಟ್ಟ ಕರಿದ ಹಲಸಿನ ಹಪ್ಪಳ ಮೆತ್ತಗಾಗುತ್ತದೆ. ಆ ತೇವ ಸೊಳೆ ಬೇಯಿಸಿದ ನೀರಿನದ್ದಲ್ಲ, ಗಾಳಿಯದ್ದು. ಹಪ್ಪಳದಲ್ಲಿ ಎರಡನ್ನೂ ಬೇರೆ ಮಾಡಲಿಕ್ಕೆ ದಾರಿ ಇಲ್ಲ, ಗಾಜಿನಲ್ಲಿ ಉಂಟು. ದ್ರವದಲ್ಲಿ ಕರಗಿದ ನೀರು, ಪ್ರಮಾಣ ಕಡಿಮೆ ಇದ್ದಾಗ, ಬಹುಪಾಲು ಹೈಡ್ರಾಕ್ಸಿಲ್ (ನೀರಿನ ಅಣು ಒಡೆದಾಗ ಸಿಗುವ OH ತುಂಡು) ಆಗಿ, ಗಾಜಿನ ಮೈಯಾದ ಸಿಲಿಕೇಟ್ ಜಾಲಕ್ಕೆ ಕಟ್ಟಿಕೊಂಡಿರುತ್ತದೆ. ತಣಿದ ಗಾಜಿಗೆ ಸಾವಿರಾರು ವರ್ಷ ನಿಧಾನಕ್ಕೆ ಇಳಿದ ನೀರು ಇಡೀ ಅಣುವಾಗಿಯೇ ಉಳಿಯುತ್ತದೆ. ಒಡೆದು ಹೈಡ್ರಾಕ್ಸಿಲ್ ಆಗಲಿಕ್ಕೆ ಆ ಚಳಿಯಲ್ಲಿ ಅದಕ್ಕೆ ಆಗುವುದಿಲ್ಲ.

ಹಾಗಾಗಿ ಎಫ್‌ಟಿಐಆರ್‌ನಲ್ಲಿ (ಗಾಜು ಯಾವ ಅವಕೆಂಪು ಬೆಳಕನ್ನು ಎಷ್ಟು ಹೀರುತ್ತದೆ ಅಂತ ಅಳೆಯುವ ಯಂತ್ರ) ಸೆಂಟಿಮೀಟರಿಗೆ 3550 ಅಲೆಗಳ ಪಟ್ಟಿಯೊಂದನ್ನೇ ನೋಡಿ ಕೂತರೆ ಹೆದರಿಕೆ ಹೋಗುವುದಿಲ್ಲ. ಅದು ಎರಡನ್ನೂ ಸೇರಿಸಿ ತೋರಿಸುತ್ತದೆ. 1630ರದ್ದು ಬರೀ ಅಣುವಾಗಿರುವ ನೀರಿನದ್ದು. ಅದನ್ನು ಕಳೆದರೆ ಉಳಿಯುವುದು ಹೈಡ್ರಾಕ್ಸಿಲ್, ನಿನಗೆ ಬೇಕಾದದ್ದು ಅದೇ. ಬಸಾಲ್ಟಿಗೆ ಹೀರಿಕೆಯ ಗುಣಾಂಕ ಮೊದಲನೆಯದಕ್ಕೆ 63, ಎರಡನೆಯದಕ್ಕೆ 25 ಹಾಕುತ್ತಾರೆ. ಗಾಜಿನ ಬಿಲ್ಲೆ 100 ಮೈಕ್ರಾನ್ ದಪ್ಪ ಅಂತ ಬರೆದಿದ್ದಿಯಲ್ಲ, ಅಲ್ಲಿಯೇ ಒಂದು ತಪ್ಪಿರಬಹುದು. 2.4 ನೀರಿಗೆ ಆ ದಪ್ಪದಲ್ಲಿ 3550ರ ಶಿಖರ ಹೀರಿಕೆಯ ಅಳತೆಯಲ್ಲಿ 2 ದಾಟಿ ತಲೆ ಚಪ್ಪಟೆಯಾಗುತ್ತದೆ. ಎರಡೂ ಬದಿ ಉಜ್ಜಿ 40–50 ಮೈಕ್ರಾನಿಗೆ ತಾ. ದಪ್ಪವನ್ನು ನಾಲ್ಕೈದು ಕಡೆ ಅಳೆ. ಅದರಲ್ಲಿ ಶೇಕಡ 5 ತಪ್ಪಿದರೆ ನೀರಿನ ಲೆಕ್ಕವೂ ಅಷ್ಟೇ ತಪ್ಪುತ್ತದೆ. 2900ರ ಹತ್ತಿರ ಏನಾದರೂ ಕಂಡರೆ ಉಜ್ಜುವಾಗ ಬಿಲ್ಲೆಗೆ ಹಚ್ಚಿದ ಅಂಟು ಹೋಗಿಲ್ಲ ಅಂತ ಲೆಕ್ಕ, ಇನ್ನೊಮ್ಮೆ ಅಸಿಟೋನಿನಲ್ಲಿ ನೆನೆಸು. ಇದೆಲ್ಲ ನಿನಗೆ ಗೊತ್ತಿದ್ದದ್ದೇ ಇರಬಹುದು, ಬೇಜಾರು ಮಾಡಬೇಡ.

ನಮ್ಮ ಕಾಲದಲ್ಲಿ ಪುಡಿಯನ್ನು ಮೂಸೆಯಲ್ಲಿ ಹಾಕಿ 1000 ಡಿಗ್ರಿಗೆ ಕಾಯಿಸಿ, ಇಳಿದ ತೂಕವನ್ನೆಲ್ಲ ನೀರು ಅಂತ ಬರೆಯುತ್ತಿದ್ದೆವು. ಶೇಕಡ 12 ಫೆರಸ್ ಆಕ್ಸೈಡ್ ಇರುವ ಕಲ್ಲಿನಲ್ಲಿ ಆ ಕಬ್ಬಿಣವೆಲ್ಲ ಗಾಳಿ ಹೀರಿದರೆ ತೂಕ 1.3ರಷ್ಟು ಏರುತ್ತದೆ, ನೀರು ಹೋದದ್ದು ಅಷ್ಟು ಮುಚ್ಚಿಹೋಗುತ್ತದೆ. ಯಾರ ನೀರು ಅಂತ ನಾನು ಕೇಳಿದ್ದೇ ಇಲ್ಲ. ನೀನು ಕೇಳಿದ್ದಿ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೈಕ್ರೋಪ್ರೋಬ್‌ನಲ್ಲಿ (ಎಲೆಕ್ಟ್ರಾನ್ ಕಿರಣ ಬಿಟ್ಟು ಗಾಜಿನ ಧಾತುಗಳನ್ನು ಅಳೆಯುವ ಯಂತ್ರ) ಎಲ್ಲ ಆಕ್ಸೈಡುಗಳ ಮೊತ್ತ ಶೇಕಡ 97 ಬಂತು, ಉಳಿದ 3 ನೀರು ಅಂತ ಮಾತ್ರ ಬರೆಯಬೇಡ. ಕಿರಣವನ್ನು ಸೂಜಿಮೊನೆ ಮಾಡಿದರೆ ಸೋಡಿಯಂ ಓಡಿಹೋಗಿ ಮೊತ್ತ ಇಳಿಯುತ್ತದೆ. 15 ಕಿಲೋವೋಲ್ಟ್, 10 ನ್ಯಾನೋಆಂಪಿಯರ್, 10 ಮೈಕ್ರಾನ್ ಅಗಲ ಇಟ್ಟು ಸೋಡಿಯಂ ಮೊದಲು ಅಳೆ. ನೀರು ತಾಗಿ ಗಾಜು ಬದಲಾಗಿ ಆದ ಹಳದಿ-ಕಂದು ಪ್ಯಾಲಗೊನೈಟ್ ಅಂಚಿನಿಂದ ದೂರ ಇರು.

ಇನ್ನೊಂದು ಮಾತು, ಇದು ಹೆದರಿಕೆಯನ್ನು ಸ್ವಲ್ಪ ಹೆಚ್ಚೇ ಮಾಡೀತು. ಹಿಮದ ನೀರಿಗೆ ಮ್ಯಾಗ್ಮಾದೊಳಗೆ ಬರಲಿಕ್ಕೆ ಇನ್ನೊಂದು ಬಾಗಿಲು ಉಂಟು. ಮಳೆ, ಹಿಮದ ನೀರು ಬಿಸಿಯಾಗಿ ತಿರುಗಾಡಿ ಹಳೆಯ ತೊಗಟೆಯ ಕಲ್ಲನ್ನು ಬದಲಾಯಿಸಿರುತ್ತದೆ, ಮೇಲೇರುವ ಮ್ಯಾಗ್ಮಾ ಆ ಕಲ್ಲನ್ನು ಕರಗಿಸಿಕೊಂಡರೆ ಅದರ ಗುರುತು ದ್ರವಕ್ಕೇ ಸೇರುತ್ತದೆ. ತೊಗಟೆಯ ಕೆಳಗಿನ ಮ್ಯಾಂಟಲಿನಿಂದ ಬಂದ ಬಸಾಲ್ಟಿನಲ್ಲಿ ಆಮ್ಲಜನಕ-18ರ (ಭಾರದ ಆಮ್ಲಜನಕ) ಡೆಲ್ಟಾ ಮೌಲ್ಯ, ಅಂದರೆ ಸಮುದ್ರದ ನೀರಿಗೆ ಹೋಲಿಸಿದರೆ ಸಾವಿರಕ್ಕೆ ಎಷ್ಟು ಹೆಚ್ಚು ಅನ್ನುವ ಅಂಕಿ, 5.5ರ ಸುತ್ತ ಇದ್ದರೆ, ಐಸ್‌ಲ್ಯಾಂಡಿನ 1783ರ ಲಾಕಿ ಲಾವಾದಲ್ಲಿ ಅದು 3.1ರ ಹತ್ತಿರ. ಅಂಥ ಕಡೆ ‘ಹಿಮದ್ದೋ ಮ್ಯಾಗ್ಮಾದ್ದೋ’ ಅನ್ನುವ ಪ್ರಶ್ನೆಗೆ ಒಂದೇ ಶಬ್ದದ ಉತ್ತರ ಇಲ್ಲ. ಗಾಜಿನಲ್ಲಿ ಆಲಿವಿನ್ ಖನಿಜದ ಹರಳುಗಳಿದ್ದರೆ ಅವುಗಳ ಆಮ್ಲಜನಕ ನೋಡು. ತಣಿದ ಮೇಲೆ ಬಂದ ನೀರು ಅದನ್ನು ಮುಟ್ಟಿರುವುದಿಲ್ಲ.

ಮ್ಯಾಗ್ಮಾ ಎಲ್ಲಿಂದ ಬಂತು ಅನ್ನುವ ನಿನ್ನ ಮೂಲದ ಅಧ್ಯಾಯಕ್ಕೆ ಆಮೇಲೆ ಬಂದ ಈ ನೀರಿನಿಂದ ಏನೂ ಆಗುವುದಿಲ್ಲ, ಅದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡ. ನಿಯೋಬಿಯಂ, ಜಿರ್ಕೋನಿಯಂ, ಇಟ್ರಿಯಂ ಈ ತಣ್ಣನೆಯ ನೀರಿಗೆ ಸುಲಭಕ್ಕೆ ಜಗ್ಗುವುದಿಲ್ಲ. ಪೊಟ್ಯಾಸಿಯಂ, ರುಬಿಡಿಯಂ ಜಗ್ಗುತ್ತವೆ. ಮೂಲದಲ್ಲಿ ಎಷ್ಟು ನೀರಿತ್ತು ಅಂತ ತಿಳಿಯಲಿಕ್ಕೆ ನೀರು ಮತ್ತು ಸೀರಿಯಂ ಧಾತುವಿನ ಅನುಪಾತವನ್ನು ಲೆಕ್ಕ ಹಾಕುವಾಗ ಮಾತ್ರ 2.4 ಹಾಕಬೇಡ, ಹೈಡ್ರಾಕ್ಸಿಲಿನ ಅಂಕಿ ಹಾಕು. ಅದೂ ಗುಳ್ಳೆಯಾಗಿ ಹೋದ ಮೇಲೆ ಉಳಿದ ನೀರು, ಹಾಗಾಗಿ ಬರುವ ಅನುಪಾತ ಕನಿಷ್ಠ ಮಿತಿ ಅಂತ ಬರೆದುಬಿಡು.

ಮತ್ತೆ ಆ 0.7ರ ಬಗ್ಗೆ. ಅಣುವಾಗಿರುವ ನೀರನ್ನು ಕಳೆದ ಮೇಲೆ 0.4 ಬಂದರೆ ಹಿಮ ತೆಳ್ಳಗಿತ್ತು ಅಂತ ಹಾರಬೇಡ. ಕರಗಿದ ನೀರು ಹಿಮದಡಿಯಿಂದ ಹರಿದುಹೋದರೆ ಒತ್ತಡ ಇಳಿಯುತ್ತದೆ, ದ್ರವದಲ್ಲಿ ಮೊದಲೇ ನೀರು ಕಡಿಮೆ ಇದ್ದಿರಲೂಬಹುದು.

1630ರ ಎತ್ತರ, ಬಿಲ್ಲೆಯ ದಪ್ಪ ಎರಡನ್ನೂ ಬರೆದು ಕಳಿಸು. ಕೈಲೆಕ್ಕದಲ್ಲಿ ನಾನೂ ಒಮ್ಮೆ ನೋಡುತ್ತೇನೆ.

ನಿನ್ನ
ದೊಡ್ಡಮ್ಮ