ಬಣ್ಣ ಹೊಡೆದ ಮಾಡೆಲ್ ಮುಂದ ಯಾರೂ ಬಾಯಿ ಬಿಡಂಗಿಲ್ಲ

ಲೇ ಶರಣೂ,

ಡಿಸೈನ್ ಓದೋ ನಿನ್ನ ಅಕ್ಕನ ಮಗಳು ಫೈನಲ್ ಇಯರ್ ಪ್ರಾಜೆಕ್ಟಿಗೆ ತೊಗರಿ ಕುಡಿ ಚಿವುಟೋ ಸಾಧನ ಹಿಡದಾಳ ಅಂತ ಓದಿ ಖರೇನೇ ಖುಷಿ ಆಯ್ತು. ‘ನಾಕು ಸಾಲು ಬರದು ಕಳ್ಸು, ಸಾಕು’ ಅಂದೀ. ನಾಕು ಸಾಲಿಗೆ ನಿಲ್ಲೋ ಪ್ರಾಣಿ ನಾನಲ್ಲಂತ ನಿನಗೂ ಗೊತ್ತದ. ಮತ್ತ ಇದನ್ನ ಎಲ್ಲರಿಗೂ ಕಾಣೋ ಹಂಗ ಇಲ್ಲೇ ಹಾಕ್ಲಾಕತ್ತೀನಿ. ಕಲಬುರಗಿ, ಬೀದರ, ಯಾದಗಿರಿ ಕಡೆ ಮಾಡೆಲ್ ಮಾಡೋ ಹುಡುಗರಿಗೂ ಉಪಯೋಗ ಆಗ್ಲಿ, ಮಾಡೆಲ್ ಮಾಡೋದು ಕಲಿಸೋ ನಾನು ಶಾಣ್ಯಾ ಅಂತ ನಾಕು ಮಂದಿಗೂ ಗೊತ್ತಾಗ್ಲಿ. ಎರಡನೇದೇ ಮುಖ್ಯ ಕಾರಣ, ನಿನ್ನ ಮುಂದ ಏನು ಮುಚ್ಚಿಡೋದು.

ವಿಷಯ ಚಲೋ ಹಿಡದಾಳ. ಬಿತ್ತಿ 45–50 ದಿನಕ್ಕ ತೊಗರಿ ತುದಿ ಒಂದೆರಡು ಇಂಚು ಚಿವುಟಿದ್ರ ಗಿಡ ಮ್ಯಾಲ ಏರೋದು ನಿಂದ್ರತದ, ಮಗ್ಗಲ ಕೊಂಬಿ ಒಡೀತಾವ, ಕಾಯಿ ಹೆಚ್ಚು ಹಿಡೀತಾವ. ಇದಕ್ಕ ಬ್ಯಾಟರಿ ಮಷೀನು ಆಗಲೇ ಪ್ಯಾಟ್ಯಾಗ ಅವ. ಹಂಗಾಗಿ ಆಕಿ ಮೊದಲನೇ ಸ್ಲೈಡಿನಾಗ ‘ಹೊಸಾ ಆವಿಷ್ಕಾರ’ ಅಂತ ಬರದ್ರ ಅಲ್ಲೇ ಸಿಕ್ಕಿಬೀಳ್ತಾಳ. ಇದ್ದ ಮಷೀನು ಹಿಡ್ಕೊಂಡು ದಿನಾ ಪೂರ್ತಿ ಕೆಲಸ ಮಾಡೋರಿಗೆ ಏನು ತ್ರಾಸು ಅದ, ಅದನ್ನ ಹುಡುಕೋದೇ ಪ್ರಾಜೆಕ್ಟು.

ದೊಡ್ಡ ತ್ರಾಸು ತೂಕ ಎಲ್ಲದ ಅನ್ನೋದ್ರಾಗ ಅದ. ಎಷ್ಟದ ಅನ್ನೋದು ಆಮ್ಯಾಲ. 400 ಗ್ರಾಮಿನ ಮೋಟರು, ಬ್ಲೇಡು ಕೋಲಿನ ತುದಿಗೆ ಕಟ್ಟಿ, 60 ಸೆಂ.ಮೀ. ಹಿಂದ ಹಿಡದ್ರ ಮಣಿಕಟ್ಟಿನ ಮ್ಯಾಲ ಬೀಳೋ ಟಾರ್ಕ್ (ತಿರುಚೋ ಬಲ) ಸುಮಾರು 2.4 ನ್ಯೂಟನ್ ಮೀಟರ್. ಅದೇ ತೂಕ ಮುಷ್ಟಿಯಿಂದ 10 ಸೆಂ.ಮೀ.ಗೆ ತಂದ್ರ ಆರರಾಗ ಒಂದು ಪಾಲಿಗೆ ಇಳೀತದ. ಬ್ಲೇಡು ತಿರುಗಿಸ್ಲಿಕ್ಕ ಮೋಟರಿಂದ ತುದಿ ತನಕ ತೆಳ್ಳನ ಶಾಫ್ಟ್ (ತಿರುಗೋ ಸರಳು) ಒಯ್ಬೇಕಾಗ್ತದ, ಅದರ ತೂಕ, ಅದರ ನಡುಕ ಎರಡೂ ಲೆಕ್ಕಕ್ಕ ಬರ್ತಾವ, ಆದ್ರೂ ಲಾಭನೇ. ಬ್ಯಾಟರಿ ಬೆನ್ನಿಗೇ ಇರ್ಲಿ. ಸ್ಪ್ರೇಯರಿಗೆ ಹಾಕೋ 12 ವೋಲ್ಟ್, 8 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿ ಎರಡು ಕಿಲೋ ದಾಟ್ತದ. ಅದನ್ನ ಕೈಗೆ ಕೊಡೋ ವಿಚಾರ ಕನಸಿನಾಗೂ ಬ್ಯಾಡ.

ಇನ್ನ ಹೊಲದಾಗ ನಿಂತು ನೋಡ್ಲಿಕ್ಕೇ ಬೇಕಾದದ್ದು ಒಂದದ. ನಮ್ಮ ಕಡೆ ಹೆಣ್ಮಕ್ಕಳು ಹೊಲಕ್ಕ ಹೋಗ್ಬೇಕಾದ್ರ ಸೀರಿ ಮ್ಯಾಲ ಗಂಡಂದೋ ಮಗಂದೋ ಹಳೇ ಫುಲ್ ತೋಳಿನ ಅಂಗಿ ಹಾಕ್ಕೋತಾರ. ಗುಂಡಿ ಹೋಗಿರ್ತದ, ತೋಳಿನ ತುದಿ ಬೆರಳ ತನಕ ಜೋತು ಬಿದ್ದಿರ್ತದ. ಈಗ ಟ್ರಿಗರ್, ಅಂದ್ರ ಬೆರಳಿಲೇ ಒತ್ತೋ ಸ್ವಿಚ್, ಎಲ್ಲಿಡ್ತಾಳ? ಆ ಅರಿವಿ ಟ್ರಿಗರ್ ಸಂದಿನಾಗ ಸಿಕ್ತಂದ್ರ ಬ್ಲೇಡು ನಿಂದ್ರಂಗಿಲ್ಲ. ಬ್ಯಾಟರಿ ಚೀಲದ ಪಟ್ಟಿ ಸೆರಗಿನ ಮ್ಯಾಲಿಂದ ಹೋಗ್ತದೋ ಅಂಗಿ ಮ್ಯಾಲಿಂದ ಹೋಗ್ತದೋ, ಬಗ್ಗಿದಾಗ ಮುಂದ ಜಾರ್ತದೋ ಇಲ್ಲೋ? ಇಂಟರ್‌ನೆಟ್ಟಿನಾಗ ಇಳಿಸಿಕೊಂಡ ‘ಯೂಸರ್ ಪರ್ಸೋನಾ’ (ಬಳಸೋರ ಕಲ್ಪಿತ ಚಿತ್ರಣ) ಫೋಟೋದಾಗ ಈ ಅಂಗಿ ಇರಂಗಿಲ್ಲ. ಎನ್‌ಐಡಿಯವರು (ಅಹಮದಾಬಾದಿನ ಡಿಸೈನ್ ಸಂಸ್ಥಾ) 1997ರಾಗ ತಂದ ಭಾರತೀಯರ ದೇಹದ ಅಳತಿ ಪುಸ್ತಕ ಲೈಬ್ರರಿಯಾಗ ಇದ್ರ ನೋಡ್ಲಿ, ಆದ್ರ ಅದ್ರಾಗೂ ಅಂಗಿ ಸಿಗಂಗಿಲ್ಲ. ಕೈ ಮುಟ್ಟೋ ದೂರಕ್ಕ ಗಿಡ್ಡ ಹೆಣ್ಮಗಳ ಅಳತಿ, ಬೆರಳು ಹೊಗೋ ಸಂದಿಗೆ ದಪ್ಪ ಕೈಯಿನ ಅಳತಿ. ‘ಸರಾಸರಿ’ ಅಳತಿ ತಗೊಂಡ್ರ ಎರಡೂ ಕಡೆ ಕೆಡ್ತದ.

ಹಿಡಿಕಿಗೆ ಒಂದು ಅಗ್ಗದ ಉಪಾಯ ಹೇಳ್ತೀನಿ. ಪಿವಿಸಿ ಪೈಪು 25, 32, 40 ಮಿ.ಮೀ. ಹೊರ ವ್ಯಾಸದಾಗ ಹಾರ್ಡ್‌ವೇರ್ ಅಂಗಡ್ಯಾಗ ಸಿಗ್ತಾವ. ಮೂರರದೂ 15 ಸೆಂ.ಮೀ. ತುಂಡು ಕತ್ತರಿಸಿ, ಸೈಕಲ್ ಟ್ಯೂಬ್ ಸುತ್ತಿ, ಐದಾರು ಮಂದಿ ಕೈಗೆ ಹತ್ತ್ಹತ್ತು ನಿಮಿಷ ಕೊಡ್ಬೇಕು. ಟ್ಯೂಬ್ ಸುತ್ತಿದ ಮ್ಯಾಲ ವ್ಯಾಸ ಮತ್ತ ಅಳೀಬೇಕು. ಎರಡು ನಿಮಿಷ ಹಿಡದು ‘ಚಲೋ ಅದ’ ಅಂದಿದ್ದಕ್ಕ ಕಿಮ್ಮತ್ತಿಲ್ಲ, ಬೆವರು ಬಂದ ಮ್ಯಾಲ ಏನಂತಾರ ಅದನ್ನ ಬರ್ಕೋಬೇಕು.

ಸ್ಕೆಚ್ಚು ಬಾಲ್‌ಪೆನ್ನಿನಾಗ ಮಾಡ್ಲಿ, ಪೆನ್ಸಿಲ್ಲಂದ್ರ ಅಳಿಸೋದ್ರಾಗೇ ಸಂಜಿ ಆಗ್ತದ. ಒಂದು ಎ4 ಹಾಳಿಗೆ ಆರು ಚಿತ್ರ, ಹೆಬ್ಬೆರಳು ಎಲ್ಲಿ ಕೂಡ್ತದ ಅನ್ನೋದು ಪ್ರತಿಯೊಂದ್ರಾಗೂ ಕಾಣ್ಬೇಕು. ಇದ್ರ ಮ್ಯಾಲ ಹೆಚ್ಚು ಹೇಳೋದಿಲ್ಲ. ಚಿತ್ರ ಚಂದ ಇದ್ದೋರೆಲ್ಲ ಮಾಡೆಲ್ಲಿಗೆ ಬಂದಾಗ ಏನಾಗ್ತಾರ ಅನ್ನೋದು ನಾವಿಬ್ಬರೂ ಬಲ್ಲಿವಿ, ಹೆಸರು ಬ್ಯಾಡ.

ಮೊದಲನೇ ಮಾಡೆಲ್ ರಟ್ಟು, ಪೈಪು, ಮಾಸ್ಕಿಂಗ್ ಟೇಪಿಂದು. ಬ್ಲೇಡು ಇಲ್ಲದ್ದು. ಆದ್ರ ತೂಕ ಖರೇದ್ದು ಇರ್ಬೇಕು: ಮೋಟರ್ ಬರೋ ಜಾಗಾದಾಗ ಸ್ಕ್ರೂ ತುಂಬಿದ ಡಬ್ಬಿ, ಬೆನ್ನಿನ ಚೀಲದಾಗ ಎರಡು ಕಿಲೋ ಉಸುಕು. ಹೆಚ್ಚಿನ ಮಂದಿ ಇಲ್ಲೇ ಜಾರ್ತಾರ. ಫೋಮಿನ ಮಾಡೆಲ್ ನೂರು-ನೂರಾ ಇಪ್ಪತ್ತು ಗ್ರಾಂ ತೂಗ್ತದ, ಖರೇ ಸಾಮಾನು ಕಿಲೋ ಹತ್ರ ಹೋಗ್ತದ, ಹಿಡಿಕಿ ‘ಆರಾಮ’ ಅದ ಅಂತ ಫೋಮಿನದ ಮ್ಯಾಲ ತೀರ್ಮಾನ ಆಗಿರ್ತದ.

ಆಮ್ಯಾಲ ರೂಪದ ಮಾಡೆಲ್, ಅಂದ್ರ ನೋಡ್ಲಿಕ್ಕ ಖರೇ ಸಾಮಾನಿನಂಗ ಇರೋದು. ಥರ್ಮಾಕೋಲಿನ ಮ್ಯಾಲ ಸೀದಾ ಸ್ಪ್ರೇ ಪೇಂಟ್ ಹೊಡದ್ರ ಅದ್ರಾಗಿನ ದ್ರಾವಕ ಥರ್ಮಾಕೋಲನ್ನೇ ತಿಂದು ಕುಣಿ ಬೀಳ್ತದ. ತಗ್ಗು ಮುಚ್ಚಲಿಕ್ಕ ಗಾಡಿಗೆ ಹಚ್ಚೋ ಪಾಲಿಯೆಸ್ಟರ್ ಪುಟ್ಟಿನೂ ಹಂಗೇ ಮಾಡ್ತದ, ಅದ್ರಾಗ ಸ್ಟೈರೀನ್ ಅನ್ನೋ ದ್ರಾವಕ ಇರ್ತದ. ಹಂಗಾಗಿ ಪಿಯು (ಪಾಲಿಯುರೆಥೇನ್) ಫೋಮ್ ತಗೋಬೇಕು. ಘನ ಮೀಟರಿಗೆ 60 ಕಿಲೋ ಇಲ್ಲಾ ಅದಕ್ಕಿಂತ ಹೆಚ್ಚಿನ ಸಾಂದ್ರತೆಯದ್ದು ಇದ್ರ ಅಂಚು ನಿಂದ್ರತದ, 32–40ರದ್ದು ಉಜ್ಜಿದಂಗ ಉದುರ್ತದ. ಮೂಗಿಗೆ ಮಾಸ್ಕ್ ಇಲ್ಲದೇ ಉಜ್ಜಬಾರದು. ಪುಟ್ಟಿ 100 ಗ್ರಾಮಿಗೆ ಅದನ್ನ ಗಟ್ಟಿ ಮಾಡೋ ಹಾರ್ಡನರ್ 2 ಗ್ರಾಂ ಅಂತ ರೂಢಿ. ಕಲಬುರಗಿಯ 42 ಡಿಗ್ರಿ ಬಿಸಲಿನಾಗ ಅಷ್ಟು ಹಾಕಿದ್ರ ಹಚ್ಚೋದ್ರೊಳಗೇ ಗಟ್ಟಿ ಆಗಿ ಪಟ್ಟಿಗೆ ಕಚ್ಕೋತದ. ಸ್ವಲ್ಪ ಸ್ವಲ್ಪ ಕಲಸಿ, ಹಾರ್ಡನರ್ ಒಂದೂವರಿಗೆ ಇಳಿಸಿ, ಮುಂಜಾನಿ ಎಂಟರೊಳಗ ಮುಗಿಸ್ಬೇಕು. ‘ಲಗೂ ಒಣಗ್ಲಿ’ ಅಂತ ಹೆಚ್ಚು ಸುರದ್ರ ಹಾರ್ಡನರಿನಾಗ ಉಳಿದ ಪೆರಾಕ್ಸೈಡು ದಿನಾ ಕಳದ ಮ್ಯಾಲ ಬಣ್ಣದಾಗ ಹಳದಿ ಕಲೆ ಆಗಿ ಎದ್ದು ಬರ್ತದ, ಹೆಚ್ಚಾಗಿ ಪರೀಕ್ಷಾ ಹಿಂದಿನ ರಾತ್ರಿ.

ಉಜ್ಜೋ ಕಾಗದ ಒರಟಿನಿಂದ ನುಣುಪಿಗೆ: 120, 220, 400, ಆಮ್ಯಾಲ 600 ನೀರು ಹಚ್ಚಿ. ನಡುವ ಒಂದು ನಂಬರ್ ಜಿಗದ್ರ ಹಳೇ ಗೆರಿ ಪೇಂಟಿನ ಕೆಳಗ ಕಾಣ್ತಾವ. 220 ಆದ ಮ್ಯಾಲ ಪ್ರೈಮರ್ ಹೊಡದು, ಅದರ ಮ್ಯಾಲ ಕರಿ ಬಣ್ಣ ಮಂಜಿನಷ್ಟು ತೆಳ್ಳಗ ಉದುರಿಸಿ ಉಜ್ಜಿದ್ರ ಎಲ್ಲಿ ಕರಿ ಉಳೀತದೋ ಅಲ್ಲಿ ತಗ್ಗದ ಅಂತ ಅರ್ಥ. ಬಣ್ಣ 20–25 ಸೆಂ.ಮೀ. ದೂರದಿಂದ, ತೆಳ್ಳನ ಕೋಟು ಮೂರು. ಮೇ ತಿಂಗಳ ಮಧ್ಯಾಹ್ನ ಹೊಡದ್ರ ಥಿನ್ನರ್ ದಾರ್‍ಯಾಗೇ ಆರಿ ಹೋಗಿ ಬಣ್ಣ ಒಣಾ ಪುಡಿ ಆಗಿ ಕೂಡ್ತದ, ಕೈ ಆಡಿಸಿದ್ರ ಒರಟು ಒರಟು. ನಿಧಾನ ಆರೋ ಥಿನ್ನರ್ ಕೇಳಿ ತಗೋಬೇಕು.

ತ್ರೀಡಿ ಪ್ರಿಂಟ್ ಮಾಡ್ತಾಳಂದ್ರ ಪಿಎಲ್‌ಎ (ಪ್ರಿಂಟಿಗೆ ಹಾಕೋ ಪ್ಲಾಸ್ಟಿಕ್) ಸುಮಾರು 60 ಡಿಗ್ರಿಗೇ ಮೆತ್ತಗಾಗ್ತದ ಅನ್ನೋದು ನೆನಪಿಡ್ಲಿ. ಬಿಸಲಿನಾಗ ನಿಂತ ಕಾರಿನ ಡ್ಯಾಶ್‌ಬೋರ್ಡ್ ಅಷ್ಟಕ್ಕ ಸಹಜ ಮುಟ್ತದ. ಪಿಇಟಿಜಿ ಅನ್ನೋ ಇನ್ನೊಂದು ಪ್ಲಾಸ್ಟಿಕ್ ಸುಮಾರು 80ರ ತನಕ ತಡೀತದ. ಜೋಡಿಸೋ ಭಾಗಕ್ಕ ಒಂದೊಂದು ಬದಿ 0.2 ಮಿ.ಮೀ. ಸಂದಿ ಬಿಡ್ಬೇಕು. ಕ್ಲಿಪ್ಪು, ಕೊಕ್ಕಿ ನಿಲ್ಲಿಸಿ ಪ್ರಿಂಟ್ ಮಾಡಿದ್ರ ಪದರ ಬಿಟ್ಟು ಮುರೀತಾವ, ಮಲಗಿಸಿ ಮಾಡ್ಬೇಕು. ಹತ್ತು ತಾಸಿನ ಒಂದೇ ತುಂಡಿಗೆ ಕೈ ಹಾಕೋದು ಬ್ಯಾಡ. ಮೂರು ತಾಸಿನ ಮೂರು ತುಂಡು ಮಾಡಿ 3 ಮಿ.ಮೀ.ನ ಎಂ3 ಸ್ಕ್ರೂ ಹಾಕಿದ್ರ, ಕರೆಂಟ್ ಹೋದ್ರೂ ಹೋಗೋದು ಒಂದೇ ತುಂಡು.

ಇಲ್ಲೇ ಒಂದು ಸಿಟ್ಟು ಹೊರಗ ಹಾಕಿಬಿಡ್ತೀನಿ. ಪ್ರತಿ ವರ್ಷ ಯಾರಾದ್ರೂ ಒಬ್ಬರು ‘ಬಿದ್ರಿ ಮೊಬೈಲ್ ಕವರ್’ ತರ್ತಾರ. ಪಿಎಲ್‌ಎ ಮ್ಯಾಲ ಕರಿ ಸ್ಪ್ರೇ, ಅದರ ಮ್ಯಾಲ ಬೆಳ್ಳಿ ಮಾರ್ಕರಿನ ಬಳ್ಳಿ. ಬಿದ್ರಿ ಅಂದ್ರ ಸತುವಿಗೆ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ದು, ಉಳಿಯಿಂದ ಕೆತ್ತಿ, ಆ ಕೆತ್ತಿದ ಗೆರಿಯಾಗ ಬೆಳ್ಳಿ ತಂತಿ ಬಡದು ಕೂಡಿಸೋದು. ಕರಿ ಬಣ್ಣ ಹಚ್ಚಂಗಿಲ್ಲ, ಬೀದರ ಕೋಟೆಯ ಮಣ್ಣು, ನವಸಾಗರದ ಬಿಸಿ ನೀರಿನಾಗ ಸತುವು ತಾನೇ ಕರ್ರಗಾಗ್ತದ, ಬೆಳ್ಳಿ ಬೆಳ್ಳಗೇ ಉಳೀತದ. ಕವರಿಗೆ 15 ಘನ ಸೆಂ.ಮೀ. ಸಾಮಾನು ಬೇಕಂದ್ರ ಪಿಎಲ್‌ಎದಾಗ 19 ಗ್ರಾಂ, ಸತುವಿನಾಗ ನೂರು ಗ್ರಾಂ ಮ್ಯಾಲ. ಈ ಲೆಕ್ಕ ಒಬ್ಬರೂ ಹಾಕಿರಂಗಿಲ್ಲ. ಶಭಾಷ್ ಅನ್ನಿಸ್ಕೊಂಡು ಹೋಗ್ತಾರ.

ಯಾಕ ಅನ್ನಿಸ್ಕೋತಾರಂದ್ರ ಹೊಳೀತಿರ್ತದ. ಈ ನಡುವ ನನ್ನ ತಲ್ಯಾಗ ಇದೇ ಕೊರೀಲಾಕತ್ತದ ಶರಣೂ. ಟೇಪ್ ಸುತ್ತಿದ ರಟ್ಟಿನ ಮಾಡೆಲ್ ಹೊಲದಾಗ ಯಾರ ಕೈಗೆ ಕೊಟ್ರೂ ಬಾಯಿ ಬಿಡ್ತಾರ: ‘ಇದು ದಪ್ಪಾಯ್ತವ್ವ’, ‘ಇಲ್ಲಿ ಚುಚ್ಚತದ’, ‘ಇದಕ್ಕಿಂತ ಕೈಲೇ ಚಿವುಟೋದು ಲಗೂ ಆಗ್ತದ’. ಅದೇ ಜಾಗಾಕ್ಕ ಮೂರು ಕೋಟಿನ ಮಾಡೆಲ್ ಒಯ್ದ್ರ ‘ಭಾಳ ಚಂದ ಅದ’ ಅಂದು ವಾಪಸ್ ಕೊಟ್ಟುಬಿಡ್ತಾರ, ಗೀಚು ಬಿದ್ದೀತು ಅಂತ ಕೈಯಾಗ ಗಟ್ಟಿ ಹಿಡಿಯೋದೂ ಇಲ್ಲ. ಪರೀಕ್ಷಕರೂ ಹಂಗೇ. ತಿರುವಿ ನೋಡ್ತಾರ, ಫಿನಿಶ್ ಹೊಗಳ್ತಾರ, ಖರ್ಚು ಕೇಳ್ತಾರ. ಹೊಳಪು ಪ್ರಶ್ನಿ ಬಂದ್ ಮಾಡ್ತದ.

ಮತ್ತ ಆ ಹೊಳಪು ಕಲಿಸೋವ ನಾನು. ‘ಇನ್ನೊಂದು ಕೋಟ್ ಹೊಡಿ’ ಅನ್ನೋದು ನನಗ ಸಲೀಸು, ಅದಕ್ಕ ಉತ್ತರ ಉಜ್ಜೋ ಕಾಗದದ ಹಿಂದೇ ನಂಬರ್ ಹಾಕಿ ಬರದಾರ. ‘ಇದು ಯಾರಿಗರೆ ಬೇಕೇನು?’ ಅಂತ ಕೇಳಿದ್ರ ಮುಂದ ಏನು ಹೇಳ್ಬೇಕು ನನಗೇ ತಿಳಿಯಂಗಿಲ್ಲ, ಅದಕ್ಕ ಕೇಳಂಗಿಲ್ಲ. ಗಾಜಿನ ಕಪಾಟಿನಾಗ ಇಷ್ಟು ವರ್ಷದ ಮಾಡೆಲ್ ಸಾಲಾಗಿ ಕೂತಾವ, ಒಂದಕ್ಕೂ ಮಣ್ಣು ಹತ್ತಿಲ್ಲ. ಬಂದೋರಿಗೆ ಅಭಿಮಾನದಿಂದ ತೋರಿಸ್ತೀನಿ. ಮಂದಿ ಹೋದ ಮ್ಯಾಲ ಕೀಲಿ ಹಾಕ್ಬೇಕಾದ್ರ, ಒಂದಾದ್ರೂ ತೆಗೆದು ಚಿಂಚೋಳಿ ಕಡೆ ಒಯ್ದು ಯಾರ ಕೈಗಾದ್ರೂ ಕೊಡ್ಬೇಕು ಅನ್ನಿಸ್ತದ, ಕೂಡ್ಲೇ ಅಂಜಿಕಿ ಬರ್ತದ. ಕೈಲೇ ಚಿವುಟೋದು ಲಗೂ ಅಂದುಬಿಟ್ರ? ನನಗ ಬರೋ ವಿದ್ಯಾ ಅಂದ್ರ ತಗ್ಗು ಮುಚ್ಚೋದು ಅಷ್ಟೇ ಏನೋ.

ಸಾಕು ಬಿಡು. ಬಿಸಲಿಗೆ ಪಿಎಲ್‌ಎ ಹಂಗ ಮೆತ್ತಗಾಗೀನಿ, ಸಂಜಿ ತಂಪಿಗೆ ಮತ್ತ ಗಟ್ಟಿ ಆಗ್ತೀನಿ, ಆಕಾರ ಮಾತ್ರ ಜರಾ ಸೊಟ್ಟ ಇರ್ತದ. ಅದು ಮೊದಲಿಂದಲೂ ಇದ್ದದ್ದೇ ಅಂತ ನೀ ಅನ್ನಾವ, ಅನ್ನಬ್ಯಾಡ, ಮಂದಿ ಓದ್ಲಾಕತ್ತಾರ.

ಹುಡುಗಿಗೆ ಮುಖ್ಯ ಮಾತು ಹೇಳೋದೇ ಉಳೀತು. ಕುಡಿ ಚಿವುಟೋದು ಆಗಸ್ಟಿನಾಗ, ಪ್ರಾಜೆಕ್ಟ್ ಕೊಡೋದು ಬ್ಯಾಸಗ್ಯಾಗ. ಆವಾಗ ಹೊಲದಾಗ ತೊಗರಿ ಕೂಳಿನೂ ಇರಂಗಿಲ್ಲ, ಎಲ್ಲಿ ಟೆಸ್ಟ್ ಮಾಡ್ತಾಳ? ನೋಡೋದು, ಅಳಿಯೋದು, ರಟ್ಟಿನ ಮಾಡೆಲ್ ಕೈಗೆ ಕೊಡೋದು ಈ ಆಗಸ್ಟಿನಾಗೇ ಮುಗೀಲಿ. ಬ್ಲೇಡಿನ ಪರೀಕ್ಷಾಕ್ಕ ಮಾರ್ಚಿನಾಗ ಮಣ್ಣು ತುಂಬಿದ ಇಪ್ಪತ್ತು ಚೀಲದಾಗ ತೊಗರಿ ಬಿತ್ತಿ ನೀರು ಹಾಕ್ಲಿ, ಮೇ ಹೊತ್ತಿಗೆ ಕುಡಿ ತಯಾರ್. ಮರತ್ರ ಪುಂಡಿ ಪಲ್ಯದ ಗಿಡ ನಡೀತದ, ಅದ್ರಾಗ ನಾರು ಜಾಸ್ತಿ, ಬ್ಲೇಡಿಗೆ ಸುತ್ಕೋತದ. ಅದನ್ನ ಸುತ್ಕೊಳ್ಳದಂಗ ಕಡೀತಂದ್ರ ತೊಗರಿಗೆ ಚಿಂತಿಲ್ಲ. ಬ್ಲೇಡಿನ ಸುತ್ತ ಗಾರ್ಡ್ ಇಲ್ಲದೇ ಸ್ವಿಚ್ ಒತ್ತಬಾರದು, ಇದಕ್ಕ ಮಾಫಿ ಇಲ್ಲ. ಪರೀಕ್ಷಾ ದಿನ ಮೇಜಿನ ಮ್ಯಾಲ ಬಣ್ಣದ್ದೂ ಇಡ್ಲಿ, ಟೇಪಿನದ್ದೂ ಇಡ್ಲಿ, ಟೇಪಿನದರ ಮ್ಯಾಲ ಯಾರ್‍ಯಾರು ಏನೇನು ಬೈದ್ರು ಅಂತ ಪೆನ್ನಿಲೇ ಬರದಿರ್ಲಿ. ಮಾರ್ಕ್ಸ್ ಕಡಿಮಿ ಬಂದ್ರ ನನ್ನ ಹೆಸರು ಹೇಳ್ಬ್ಯಾಡ ಅನ್ನು.

ನೀ ಪುಣೆಯಿಂದ ಬರ್ಬೇಕಾದ್ರ ನಿಧಾನ ಆರೋ ಥಿನ್ನರ್ ತಾ ಅಂತ ಬರೀಬೇಕಂತಿದ್ದೆ. ರೈಲಿನಾಗ ಅದನ್ನ ತರೋದು ಗುನ್ಹೆ. ಬಾಕರವಡಿ ತಾ, ಎರಡು ಪಾಕೀಟು, ಒಂದನ್ನ ದಾರ್‍ಯಾಗ ಒಡಿಯಂಗಿಲ್ಲ ಅಂತ ಆಣಿ ಮಾಡಿ.

ನಿನ್ನ,
ಪುಟ್ಟಿ ಮಾಸ್ತರ